ದಕ್ಷಿಣದಲ್ಲಿ ಹಿಮ ಬೀಳೋದಿಲ್ಲ ಸ್ವಾಮೀ!

ಡಿಸೆಂಬರ್ ಬಂತೂಂದ್ರೆ ಒಂದು ಜಾತಿಯ ಮೆಸೇಜುಗಳು ಓಡಾಡೋಕೆ ಶುರು. "ಊಟಿಯಲ್ಲಿ ಭಾರೀ ಹಿಮಪಾತ", "ಮುನ್ನಾರ್ ಈಗ ಮಿನಿ ಕಾಶ್ಮೀರ", "ಕೊಡಗಿನಲ್ಲೇ ಸ್ನೋ ಇರುವಾಗ ಸ್ವಿಟ್ಜರ್ಲೆಂಡ್ ಯಾಕೆ?" ಜೊತೆಗೆ ಬೆಳ್ಳಗಿನ ಒಂದು ಫೋಟೋ. ಎರಡನೇ ದಿನಕ್ಕೆ ನಮ್ಮ ಕಾಲೇಜು ಗೆಳೆಯರ ಗುಂಪಿನಲ್ಲಿ ಪ್ಲಾನು ರೆಡಿ. ಶುಕ್ರವಾರ ಆಫೀಸು ಮುಗಿಸಿ ಎಲ್ಲರೂ ತುಮಕೂರಿಗೆ ಬರೋದು, ಗುಬ್ಬಿಯಿಂದ ನಾನು ಬಂದು ಸೇರಿಕೊಳ್ಳೋದು, ಕುಣಿಗಲ್ಲಿನವನನ್ನು ದಾರೀಲಿ ಹತ್ತಿಸಿಕೊಳ್ಳೋದು, ಹುಲಿಯೂರುದುರ್ಗ, ಮದ್ದೂರು, ಮೈಸೂರು, ಗುಂಡ್ಲುಪೇಟೆ ಅಂತ ರಾತ್ರಿಯಿಡೀ ಓಡಿಸಿ ಬೆಳಗಾಗೋ ಹೊತ್ತಿಗೆ ಊಟಿಯ ಹಿಮದ ಮೇಲೆ ಹೊರಳಾಡೋದು! "ಗ್ಲೌಸ್ ತಗೊಳ್ರೋ, ಸ್ನೋಮ್ಯಾನ್ ಮಾಡೋಣ" ಅಂತ ಒಬ್ಬ. ಈ ಮಹಾನುಭಾವ ನಾಲ್ಕು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೂತು ಮೆಕ್ಯಾನಿಕಲ್ ಓದಿದವನು, ಥರ್ಮೋಡೈನಮಿಕ್ಸನ್ನು ಮೊದಲ ಸಲಕ್ಕೇ ಪಾಸು ಮಾಡಿದವನು :)

ಈ ಸಲವೂ ಪ್ಲಾನು ಬಂತು. ನಾನು ಬರಲ್ಲ ಅಂದೆ. "ಯಾಕೋ ಮಗಾ, ಚಳಿಗೆ ಹೆದರ್ಕೊಂಡ್ಯಾ?" ಅಂದ್ರು. ಚಾಟಿನಲ್ಲಿ ಮೂರು ಸಾಲಿಗಿಂತ ಜಾಸ್ತಿ ಬರೆದರೆ ಯಾರೂ ಓದೋದಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನನ್ನ ತಕರಾರು ಇಷ್ಟು. ದಕ್ಷಿಣದ ಬೆಟ್ಟಗಳಲ್ಲಿ ಕಾರು ಮಾಡಿಕೊಂಡು ಹೋಗಿ ನೋಡುವಂಥ ಹಿಮ ಬೀಳೋದಿಲ್ಲ. ಬೀಳುತ್ತೆ ಅನ್ನೋವ್ರು ಮಂಜು, ಹೆಪ್ಪುಗಟ್ಟಿದ ಇಬ್ಬನಿ, ಆಲಿಕಲ್ಲು ಅನ್ನೋ ಮೂರು ಬೇರೆ ಬೇರೆ ಸರಕನ್ನು 'ಸ್ನೋ' ಅನ್ನೋ ಒಂದೇ ಚೀಟಿ ಅಂಟಿಸಿ ಮಾರ್ತಿದ್ದಾರೆ. ಆ ಮೂರರಲ್ಲಿ ಎರಡು ಬೆಳೆ ಬೆಳೆಯುವವನ ಹೊಟ್ಟೆಗೆ ಹೊಡೆಯುವಂಥವು. ಅವನ್ನು ಹಿಮ ಅಂತ ಕರೆದು ಹಬ್ಬ ಮಾಡೋದನ್ನು ಬೇರೆಯವರು ಬಿಡಲಿ ಬಿಡದಿರಲಿ, ಕನ್ನಡದಲ್ಲಿ ಪ್ರವಾಸ ಕಥನ ಬರೆಯುವ ನಾವಾದರೂ ಬಿಡಬೇಕು.

ಮೊದಲು "ಅಷ್ಟೆತ್ತರದ ಬೆಟ್ಟ, ಬೀಳ್ದೆ ಇರುತ್ತಾ?" ಅನ್ನೋ ವಾದ. ಊಟಿಯ ದೊಡ್ಡಬೆಟ್ಟ 2637 ಮೀಟರ್. ಮುನ್ನಾರ್ ಹತ್ತಿರದ ಆನಮುಡಿ 2695 ಮೀಟರ್, ದಕ್ಷಿಣ ಭಾರತದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಈಗ ಕಾಶ್ಮೀರದ ಗುಲ್ಮಾರ್ಗ್ ನೋಡಿ. ಚಳಿಗಾಲದಲ್ಲಿ ಜನ ಸ್ಕೀ ಆಡುವ ಆ ಊರಿನ ಎತ್ತರ ಸುಮಾರು 2650 ಮೀಟರ್. ಹೆಚ್ಚುಕಡಿಮೆ ನಮ್ಮ ದೊಡ್ಡಬೆಟ್ಟದಷ್ಟೇ! ಅಲ್ಲಿ ಆಳೆತ್ತರ ಹಿಮ, ಇಲ್ಲಿ ಚುರುಮುರಿ ಗಾಡಿ. ಎತ್ತರ ಒಂದೇ ಸಾಕಾಗಿದ್ದರೆ ಹೀಗಾಗ್ತಿರಲಿಲ್ಲ. ಗುಲ್ಮಾರ್ಗ್ ಇರೋದು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಊಟಿ ಹನ್ನೊಂದೂವರೆ ಡಿಗ್ರಿಯಲ್ಲಿ. ನಮ್ಮ ತಲೆಯ ಮೇಲಿನ ಆಕಾಶದಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಇಳಿಯೋದು ಸುಮಾರು 5000 ಮೀಟರ್ ಎತ್ತರದಲ್ಲಿ. ಆನಮುಡಿ ಅದರ ಅರ್ಧಕ್ಕಿಂತ ಸ್ವಲ್ಪ ಮೇಲಿದೆ, ಅಷ್ಟೇ.

ಲೆಕ್ಕ ಬೇಕಾ? ಒಂದು ಕಿಲೋಮೀಟರ್ ಮೇಲೆ ಹತ್ತಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಸ್ವಲ್ಪ ಮೇಲಿದೆ. ಜನವರಿಯ ಬೆಳಗಿನ ಜಾವ ಇಲ್ಲಿ ಹದಿನೈದು ಡಿಗ್ರಿ ಅಂದ್ಕೊಳ್ಳಿ. ದೊಡ್ಡಬೆಟ್ಟ ಅದಕ್ಕಿಂತ 1800 ಮೀಟರ್ ಮೇಲೆ. ಹನ್ನೆರಡು ಡಿಗ್ರಿ ಕಳೆಯಿರಿ. ಉಳಿದದ್ದು ಮೂರು. ಚಳಿ ಹೌದು, ಸ್ವೆಟರ್ ಬೇಕು ಹೌದು. ಹಿಮ ಬೀಳೋಕೆ ಅಷ್ಟು ಸಾಲದು.

ಸರಿ, ಯಾವತ್ತೋ ಒಂದು ದಿನ ಇನ್ನೂ ನಾಲ್ಕು ಡಿಗ್ರಿ ಇಳಿಯಿತು ಅಂತಲೇ ಇಟ್ಕೊಳ್ಳೋಣ. ಹಿಮ ಅಂದರೆ ಆಕಾಶದಿಂದ ಬೀಳೋದು. ಬೀಳಬೇಕಾದರೆ ಮೋಡ ಬೇಕು. ಕಾಶ್ಮೀರಕ್ಕೆ ಚಳಿಗಾಲದಲ್ಲೇ ಮೋಡ ಬರುತ್ತೆ, ದೂರದ ಮೆಡಿಟರೇನಿಯನ್ ಕಡೆಯಿಂದ ಏಳುವ ಮಾರುತಗಳು ಹೊತ್ತು ತರುತ್ತವೆ. ಅವು ಕೈಕೊಟ್ಟರೆ ಅಲ್ಲೂ ಗತಿಯಿಲ್ಲ. 2024ರ ಜನವರಿಯ ಬಹುಪಾಲು ದಿನ ಗುಲ್ಮಾರ್ಗ್ ಹಿಮವಿಲ್ಲದೆ ಒಣಹುಲ್ಲಿನ ಬಣ್ಣದಲ್ಲಿ ಬಿದ್ದಿತ್ತು. ನಮ್ಮ ನೀಲಗಿರಿಗೆ ಮಳೆ ತರೋದು ಜೂನ್ ನಂತರದ ನೈಋತ್ಯ ಮುಂಗಾರು, ಅಕ್ಟೋಬರ್ ನಂತರದ ಹಿಂಗಾರು. ಮೋಡ ಕಂಬಳಿ ಇದ್ದ ಹಾಗೆ, ನೆಲದ ಕಾವನ್ನು ರಾತ್ರಿ ಮೇಲಕ್ಕೆ ಹೋಗಗೊಡೋದಿಲ್ಲ. ಹಿಂಗಾರು ಮುಗಿದು, ಆಕಾಶ ತೊಳೆದಿಟ್ಟ ಹಾಗೆ ಆದ ಮೇಲೇ ಅಲ್ಲಿ ನಡುಕ ಹುಟ್ಟಿಸುವ ಚಳಿ ಶುರು. ಅಂದರೆ ಮೋಡ ಇದ್ದಾಗ ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಚಳಿ ಇದ್ದಾಗ ಮೇಲಿಂದ ಬೀಳೋಕೆ ಏನೂ ಇಲ್ಲ. ಕಥೆ ಮುಗೀತು.

ಇದನ್ನು ನಂಬದವರಿಗೆ ಇನ್ನೊಂದು ಸಾಕ್ಷಿ. ಜಾನ್ ಸಲ್ಲಿವನ್ ಅನ್ನೋ ಕೊಯಮತ್ತೂರಿನ ಕಲೆಕ್ಟರು ನೀಲಗಿರಿ ಹತ್ತಿದ್ದು 1819ರಲ್ಲಿ. ಆಮೇಲೆ ಬ್ರಿಟಿಷರು ಅಲ್ಲೊಂದು ಊರನ್ನೇ ಕಟ್ಟಿಕೊಂಡರು. ಅದೇ ಬ್ರಿಟಿಷರು ಮದರಾಸಿನ ಸೆಕೆಗೆ ಐಸ್ ತರಿಸುತ್ತಿದ್ದದ್ದು ಎಲ್ಲಿಂದ ಗೊತ್ತಾ? ಅಮೆರಿಕದ ಬೋಸ್ಟನ್ನಿಂದ, ಹಡಗಿನಲ್ಲಿ! ಅದನ್ನಿಡೋಕೆ ಅಂತಲೇ 1842ರಲ್ಲಿ ಮರೀನಾ ಕಡಲತೀರದಲ್ಲಿ ಐಸ್ ಹೌಸ್ ಕಟ್ಟಿದರು, ಇವತ್ತಿಗೂ ಆ ಕಟ್ಟಡ ಇದೆ. ಊಟಿಯಲ್ಲಿ ರಾಶಿ ರಾಶಿ ಹಿಮ ಬೀಳುವಂತಿದ್ದರೆ ಲೆಕ್ಕಾಚಾರದ ಆ ಜನ ಭೂಮಿಯ ಆ ಕಡೆಯಿಂದ ಐಸ್ ಹೊತ್ತು ತರ್ತಿದ್ರಾ?

ಹಾಗಾದರೆ ಆ ಬಿಳೀ ಫೋಟೋ? ಎಲ್ಲಾ ಸುಳ್ಳಾ? ಅಲ್ಲ. ಕೆಲವು ಈಗ ಕಂಪ್ಯೂಟರಿನಲ್ಲೇ ಹುಟ್ಟಿದವು, ಅವನ್ನು ಬಿಡಿ. ಊಟಿಯ ನಿಜವಾದ ಫೋಟೋಗಳಲ್ಲಿ ಇರೋದು ಹೆಪ್ಪುಗಟ್ಟಿದ ಇಬ್ಬನಿ. ಅದು ಬೀಳೋದಲ್ಲ, ಕೂರೋದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಹುಲ್ಲು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತೆ. ಆಳುದ್ದದಲ್ಲಿಟ್ಟ ಥರ್ಮಾಮೀಟರು ಎರಡೋ ಮೂರೋ ತೋರಿಸುತ್ತಿದ್ದರೂ ಹುಲ್ಲಿನ ತುದಿ ಸೊನ್ನೆಗಿಂತ ಕೆಳಗಿರುತ್ತೆ. ಆಗ ಗಾಳಿಯ ತೇವ ಅದರ ಮೇಲೆ ಹರಳು ಹರಳಾಗಿ ಕೂರುತ್ತೆ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತೆ. ಅದಕ್ಕೇ ಇದು ಹೆಚ್ಚಾಗಿ ಕಾಣೋದು ಕಣಿವೆಯ ತಳದಲ್ಲಿ, ಊಟಿಯ ಕುದುರೆ ರೇಸಿನ ಮೈದಾನದಲ್ಲಿ, ಬೊಟಾನಿಕಲ್ ಗಾರ್ಡನ್ನಿನ ಹುಲ್ಲುಹಾಸಿನ ಮೇಲೆ, ತಲೈಕುಂದ ಕಡೆಯ ಬಯಲಿನಲ್ಲಿ. 'ಸ್ನೋ' ಹುಡುಕಿಕೊಂಡು ನಮ್ಮವರು ಮಾತ್ರ ದೊಡ್ಡಬೆಟ್ಟದ ತುದಿಗೇ ಹತ್ತಿ ನಿಂತಿರ್ತಾರೆ!

ತಮಿಳರು ಈ ವಿಷಯದಲ್ಲಿ ನಮಗಿಂತ ಜಾಣರು. ಅವರ 'ಪನಿ' ನಮ್ಮ 'ಹನಿ'ಯೇ. ಹುಲ್ಲಿನ ಮೇಲೆ ಹೆಪ್ಪುಗಟ್ಟೋದಕ್ಕೆ 'ಉರೈಪನಿ' ಅಂತಾರೆ, ಆಕಾಶದಿಂದ ಬೀಳೋ ಹಿಮಕ್ಕೆ 'ಪನಿಪ್ಪೊಳಿವು' ಅಂತಾರೆ. ಎರಡು ವಸ್ತು, ಎರಡು ಹೆಸರು. ನಮ್ಮಲ್ಲಿ ಪದಗಳಿಲ್ಲವಾ? ಇಬ್ಬನಿ ಇದೆ, ಮಂಜು ಇದೆ, ಕಾವಳ ಇದೆ, ಆಲಿಕಲ್ಲು ಇದೆ, ಹಿಮ ಇದೆ. ಇಷ್ಟೆಲ್ಲ ಇಟ್ಕೊಂಡು ಎಲ್ಲದಕ್ಕೂ 'ಹಿಮಪಾತ' ಅಂತ ಹೆಡ್ಡಿಂಗ್ ಕೊಡ್ತೀವಿ. ನಮ್ಮ ಕಡೆ ಹಿಮಪಾತ ಅಂತ ಆಗಿದ್ದು ಒಂದೇ ಸಲ, ಅದು 1995ರಲ್ಲಿ, ವಿಷ್ಣುವರ್ಧನ್ ಸಿನಿಮಾ :) ಗುಂಡ್ಲುಪೇಟೆ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲೇ ಹಿಮ ಇದೆಯಲ್ಲ ಅಂತ ಒಬ್ಬರು ವಾದಕ್ಕೆ ಬಂದಿದ್ದರು. 1454 ಮೀಟರಿನ ಆ ಬೆಟ್ಟಕ್ಕೆ ಆ ಹೆಸರು ಬಂದಿರೋದು ಅದನ್ನು ಮುಚ್ಚಿಕೊಂಡಿರುವ ಮಂಜಿನಿಂದ. ಅರಣ್ಯದವರು ನಮ್ಮ ಕಾರನ್ನು ಕೆಳಗೇ ನಿಲ್ಲಿಸ್ತಾರೆ, ಸರ್ಕಾರಿ ಬಸ್ಸಲ್ಲಿ ಹತ್ತಬೇಕು. ಹತ್ತಿ ನೋಡಿ, ಮಂಜು ಸಿಗುತ್ತೆ, ಆಗಾಗ ಆನೆಯೂ ಸಿಗುತ್ತೆ. ಹಿಮ ಸಿಗೋಲ್ಲ.

ಇನ್ನು ಆ ಶುಕ್ರವಾರ ರಾತ್ರಿಯ ಪ್ಲಾನು. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಇದೆ. ಪ್ರಾಣಿಗಳಿಗೋಸ್ಕರ ಮಾಡಿದ್ದು, ಒಳ್ಳೆಯದನ್ನೇ ಮಾಡಿದ್ದಾರೆ. ಈಗ ನೀವೇ ಲೆಕ್ಕ ಹಾಕಿ. ತುಮಕೂರಿನಿಂದ ಊಟಿಗೆ ಸುಮಾರು 300 ಕಿಲೋಮೀಟರ್. ರಾತ್ರಿಯೆಲ್ಲ ಓಡಿಸಿಕೊಂಡು ಹೋಗಿ ಚೆಕ್‌ಪೋಸ್ಟಿನಲ್ಲಿ ಕಾದು, 6ಕ್ಕೆ ಗೇಟು ತೆಗೆದ ಮೇಲೆ ಬಂಡೀಪುರ, ಮುದುಮಲೈ ದಾಟಿ ಕಲ್ಲಟ್ಟಿ ಘಾಟಿನ 36 ತಿರುವು ಹತ್ತಿ ಊಟಿ ಮುಟ್ಟೋ ಹೊತ್ತಿಗೆ ಎಂಟೂವರೆಯೋ ಒಂಬತ್ತೋ ಆಗಿರುತ್ತೆ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಆ ಹರಳುಗಳು ಕರಗಿ ನೀರು. ನಿಮಗೆ ಸಿಗೋದು ಒದ್ದೆ ಹುಲ್ಲು ಮತ್ತು ಪಾರ್ಕಿಂಗ್ ಇಲ್ಲದ ಊರು. ಸಾಲದ್ದಕ್ಕೆ 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ನೀಲಗಿರಿಗೂ ಕೊಡೈಕೆನಾಲ್‌ಗೂ ಇ-ಪಾಸ್ ಪದ್ಧತಿ ತಂದರು. ಒಂದು ಬೆಟ್ಟದ ಊರು "ಸಾಕಪ್ಪಾ, ಇಷ್ಟು ಜನ ಬರಬೇಡಿ" ಅಂತ ಕೋರ್ಟಿನ ಬಾಯಲ್ಲಿ ಹೇಳಿಸಬೇಕಾದ ಸ್ಥಿತಿಗೆ ಬಂದಿದೆ ಅಂದರೆ, ಇಲ್ಲದ ಹಿಮದ ಆಸೆ ತೋರಿಸಿ ಇನ್ನಷ್ಟು ಜನರನ್ನು ಕಳಿಸೋದು ಯಾವ ನ್ಯಾಯ?

"ಹೋಗ್ಲಿ ಬಿಡೋ, ಫ್ರಾಸ್ಟೋ ಸ್ನೋವೋ, ಬೆಳ್ಳಗಿದ್ರೆ ಸಾಕು. ಖುಷಿ ಪಡೋವ್ರಿಗೆ ನೀನ್ಯಾಕೆ ಅಡ್ಡಗಾಲು ಹಾಕ್ತೀಯ?" ಇದು ನನ್ನ ಕುಣಿಗಲ್ಲಿನ ಗೆಳೆಯನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಹೆಸರು ತಪ್ಪಿದ್ದಕ್ಕೇ ಇಷ್ಟುದ್ದ ಬರೆಯುವಷ್ಟು ಪುರುಸೊತ್ತು ನನಗೂ ಇಲ್ಲ. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ.

2019ರ ಜನವರಿಯ ಮೊದಲ ದಿನಗಳಲ್ಲಿ ಮುನ್ನಾರ್ ಸುತ್ತಮುತ್ತ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಿತು. ಜನ ಗಾಡಿ ಹತ್ತಿ ಓಡಿದರು. ಅದೇ ಹೊತ್ತಿನಲ್ಲಿ ಅಲ್ಲಿನ ಚಹಾ ಗಿಡಗಳು ಸುಟ್ಟು ಹೋಗ್ತಿದ್ವು. ಸುಟ್ಟು ಅನ್ನೋದು ಸರಿಯಾದ ಮಾತು. ರಾತ್ರಿ ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತೆ, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಚಿಗುರು ಕರಕಲಾಗುತ್ತೆ. ಮತ್ತೆ ಚಿಗುರು ಬರೋವರೆಗೆ ಕೊಯ್ಲಿಲ್ಲ, ಕೊಯ್ಲಿಲ್ಲ ಅಂದರೆ ಕೊಯ್ಯುವ ಹೆಂಗಸರಿಗೆ ಕೆಲಸವೂ ಇಲ್ಲ. ನೀಲಗಿರಿಯಲ್ಲಿ ಕ್ಯಾರೆಟ್, ಆಲೂಗೆಡ್ಡೆ ಬೆಳೆಯುವ ಬಡಗರು, ನಮ್ಮ ಕನ್ನಡಕ್ಕೆ ತೀರಾ ಹತ್ತಿರದ ಮಾತಾಡುವ ಜನ, ಅಂಥ ಬೆಳಿಗ್ಗೆ ಬಿಸಿಲೇರುವ ಮೊದಲೇ ಎದ್ದು ಬೆಳೆಗೆ ನೀರು ಚಿಮುಕಿಸಿ ಉಳಿಸಿಕೊಳ್ಳೋಕೆ ಒದ್ದಾಡ್ತಾರೆ. ಆ ಹೊಲದ ಪಕ್ಕದಲ್ಲೇ ಕಾರು ನಿಲ್ಲಿಸಿ ನಾವು ಸೆಲ್ಫಿ ತೆಗೆದು 'ವಾವ್' ಅಂತೀವಿ.

ಇದು ದೂರದ ಊರಿನ ಸಂಕಟ ಅಂತೀರಾ? ನಮ್ಮ ಗುಬ್ಬಿಗೇ ಬರೋಣ. ಆಲಿಕಲ್ಲು ನಮ್ಮಲ್ಲಿ ಬೀಳೋದು ಚಳಿಗಾಲದಲ್ಲಿ ಅಲ್ಲ, ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ. ನೆಲ ಕಾದಷ್ಟೂ ಗಾಳಿ ರಭಸದಿಂದ ಮೇಲೇಳುತ್ತೆ, ಮಳೆಹನಿಗಳನ್ನು ಆ ಐದು ಸಾವಿರ ಮೀಟರಿನ ಗೆರೆಯಾಚೆಗೆ ಎಸೆದು ಗಡ್ಡೆ ಕಟ್ಟಿಸುತ್ತೆ. ಭಾರ ತಾಳದಾದಾಗ ಕೆಳಗೆ ಬೀಳುತ್ತೆ. ಕೊಡಗಿನದ್ದೋ ಚಿಕ್ಕಮಗಳೂರಿನದ್ದೋ ಅಂತ ಓಡಾಡುವ ಅನೇಕ 'ಸ್ನೋ' ಫೋಟೋಗಳಲ್ಲಿ ಇರೋದು ಇದೇ ಆಲಿಕಲ್ಲು. ಕೆಲವು ವರ್ಷದ ಹಿಂದೆ ಒಂದು ಸಂಜೆ ನಮ್ಮ ಚಿಕ್ಕಪ್ಪನ ಬಾಳೆ ತೋಟದ ಮೇಲೆ ಹತ್ತೇ ನಿಮಿಷ ಬಿತ್ತು. ಎಲೆಗಳೆಲ್ಲ ಬಾಚಣಿಗೆಯಲ್ಲಿ ಸೀಳಿದ ಹಾಗೆ, ಗೊನೆಗಳ ತುಂಬಾ ಕಪ್ಪು ಗಾಯ. ಮಂಡಿಯಲ್ಲಿ ಅಂಥ ಕಾಯನ್ನು ಕೇಳೋರಿಲ್ಲ. ಮಾರನೇ ದಿನ ಅವರ ಮೊಬೈಲಿಗೇ ಒಂದು ವಿಡಿಯೋ ಬಂತು, "ನಮ್ಮ ತಾಲೂಕು ಈಗ ಸ್ವಿಟ್ಜರ್ಲೆಂಡ್" ಅಂತ, ಹಿಂದೆ ಸಿನಿಮಾ ಹಾಡು. ಚಿಕ್ಕಪ್ಪ ಅದನ್ನು ಎರಡು ಸಲ ನೋಡಿದರು. "ಯಾರಪ್ಪಾ ಇದು, ನಮ್ಮ ತೋಟ ಹೋದದ್ದಕ್ಕೆ ಹಾಡು ಹಾಕವ್ರಲ್ಲ" ಅಂದ್ರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗ್ತಿತ್ತೇನೋ.

ಪ್ರಕೃತಿ ವಿಕೋಪಕ್ಕೆ ಪರಿಹಾರ ಕೊಡಬೇಕಾದ ಸಂದರ್ಭಗಳ ಪಟ್ಟಿಯನ್ನು ಕೇಂದ್ರ ಸರ್ಕಾರ ಮಾಡಿದೆ. ಬರ, ಪ್ರವಾಹ, ಭೂಕಂಪ, ಚಂಡಮಾರುತ, ಸುನಾಮಿ ಇರುವ ಅದೇ ಪಟ್ಟಿಯಲ್ಲಿ ಆಲಿಕಲ್ಲು ಮಳೆಯೂ ಇದೆ, ಫ್ರಾಸ್ಟೂ ಇದೆ. ಫಸಲ್ ಬಿಮಾ ಮಾಡಿಸಿದ ಬೆಳೆ ಆಲಿಕಲ್ಲಿಗೆ ಸಿಕ್ಕಿದರೆ ರೈತ 72 ಗಂಟೆಯೊಳಗೆ ತಿಳಿಸಬೇಕು ಅನ್ನೋದು ನಿಯಮ. ಅವನು ಆ ಓಡಾಟದಲ್ಲಿರುವಾಗ ಊರವರ ಮೊಬೈಲಿನಲ್ಲಿ ಅದೇ ಆಲಿಕಲ್ಲು 'ಸ್ನೋ ಫಾಲ್' ಆಗಿ ಲೈಕು ಗಿಟ್ಟಿಸುತ್ತಿರುತ್ತೆ. ಬರಗಾಲದ ಬಿರುಕುಬಿಟ್ಟ ಕೆರೆಯ ಮುಂದೆ ನಿಂತು "ನಮ್ಮೂರೇ ರಾಜಸ್ಥಾನ, ಬನ್ನಿ ಮಜಾ ಮಾಡಿ" ಅಂತ ನಾವು ಬರೆಯೋದಿಲ್ಲ, ಅಲ್ವಾ? ಇದಕ್ಕೆ ಮಾತ್ರ ಯಾಕೆ ಬರೀತೀವಿ? ಬೆಳ್ಳಗೆ ಚೆಂದ ಕಾಣುತ್ತೆ ಅಂತ ತಾನೇ?

ಬಿಳಿ ಬಣ್ಣದ ಈ ಹುಚ್ಚು ನಮಗೆ ಎಲ್ಲಿಂದ ಬಂತೋ. ಕೊಡಗು ಭಾರತದ ಸ್ಕಾಟ್ಲೆಂಡ್ ಅಂತೆ. ಆಂಧ್ರದ ಲಂಬಸಿಂಗಿ, ಸುಮಾರು 1000 ಮೀಟರ್ ಎತ್ತರದ ಒಂದು ಹಳ್ಳಿ, 'ಆಂಧ್ರದ ಕಾಶ್ಮೀರ' ಅಂತೆ. ಯಾವ ಊರಿಗೂ ತನ್ನದೇ ಹೆಸರು ಸಾಲದು, ಇನ್ನೊಂದು ಊರಿನ ಹೆಸರನ್ನು ಸಾಲ ತಂದು ಅಂಟಿಸಬೇಕು. ಹಾಗೆ ಅಂಟಿಸಿದ ಮೇಲೆ ಅಲ್ಲಿಗೆ ಹೋದವನು ಅಲ್ಲಿರೋದನ್ನು ನೋಡೋದಿಲ್ಲ, ಅಲ್ಲಿಲ್ಲದ್ದನ್ನು ಹುಡುಕಿ ಬೇಜಾರು ಮಾಡ್ಕೊಂಡು ವಾಪಸು ಬರ್ತಾನೆ. ನೀಲಗಿರಿಯಲ್ಲಿ ನೋಡೋಕೆ ಕಮ್ಮಿ ಇದೆಯಾ? ಹುಲ್ಲುಗಾವಲಿನ ನಡುವೆ ಮಡಿಕೆಗಳಲ್ಲಿ ಮಾತ್ರ ಕಾಡು ಬೆಳೆಯುವ ಶೋಲಾ ಇದೆ. ಆ ಕಾಡು ಬಯಲಿಗೆ ಹಬ್ಬದೆ ಇರೋದಕ್ಕೆ ಈ ಹೆಪ್ಪುಗಟ್ಟುವ ಚಳಿಯೂ ಒಂದು ಕಾರಣ, ಮರದ ಎಳೆಸಸಿಗಳು ಬಯಲಲ್ಲಿ ಅದನ್ನು ತಡೆಯಲಾರವು ಅಂತ ಪರಿಸರ ವಿಜ್ಞಾನಿಗಳು ಹೇಳ್ತಾರೆ. ಒಂದು ರಾತ್ರಿಯ ಇಬ್ಬನಿ ಒಂದು ಕಾಡಿನ ಬೇಲಿ ಆಗುತ್ತೆ ಅನ್ನೋದು ಸ್ನೋಮ್ಯಾನ್‌ಗಿಂತ ದೊಡ್ಡ ಸೋಜಿಗ ಅಂತ ನನಗನ್ನಿಸುತ್ತೆ.

ಹಾಗಂತ ಮನೇಲೇ ಕೂತ್ಕೊಳ್ಳಿ ಅಂತಿಲ್ಲ. ಹೋಗಿ, ಏನು ನೋಡೋಕೆ ಹೋಗ್ತಿದ್ದೀವಿ ಅಂತ ತಿಳ್ಕೊಂಡು ಹೋಗಿ.

ಹಿಮವೇ ಬೇಕಾ? ಎರಡು ವರ್ಷ ದುಡ್ಡು ಕೂಡಿಸಿ ಹಿಮಾಲಯಕ್ಕೆ ಹೋಗಿ. ಅಲ್ಲೂ ಗ್ಯಾರಂಟಿ ಅಂತ ಹೇಳೋ ಏಜೆಂಟನ್ನು ನಂಬಬೇಡಿ.

ಹೆಪ್ಪುಗಟ್ಟಿದ ಇಬ್ಬನಿ ನೋಡಬೇಕಾ? ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ಮೋಡವಿಲ್ಲದ ದಿನಗಳನ್ನು ನೋಡಿಕೊಂಡು ಊಟಿಯಲ್ಲಿ ಎರಡು ರಾತ್ರಿ ಉಳಿಯಿರಿ. ಪಾಸ್ ಮೊದಲೇ ಮಾಡಿಸಿ. ಹಗಲಲ್ಲೇ ಬಂಡೀಪುರ ದಾಟಿ. ಸೂರ್ಯ ಹುಟ್ಟೋಕೆ ಮೊದಲೇ ಎದ್ದು ಯಾವುದಾದರೂ ತಗ್ಗಿನ ಬಯಲಿನ ಅಂಚಿಗೆ ನಡ್ಕೊಂಡು ಹೋಗಿ. ಯಾರದ್ದೋ ಹೊಲಕ್ಕೆ ಇಳೀಬೇಡಿ, ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಸತ್ತೇಹೋಗಬಹುದು, ದೂರದಿಂದ ನೋಡಿ. ಬೆಳಕು ಬಿದ್ದಾಗ ಅದು ಹೊಳೆಯೋದು ನಿಜವಾಗಿಯೂ ಚೆಂದ.

ಬರೀ ಮಂಜು ಸಾಕಾ? ಹಾಗಾದರೆ ಅಷ್ಟು ದೂರ ಯಾಕೆ? ತುಮಕೂರಿನವರಿಗೆ ದೇವರಾಯನದುರ್ಗ ಇದೆ, ಸುಮಾರು 1200 ಮೀಟರ್, ಸಿಟಿಯಿಂದ ಬೈಕಿನಲ್ಲಿ ಅರ್ಧ ಗಂಟೆ. ಕುಣಿಗಲ್ ಕಡೆಯವರಿಗೆ ಹುಲಿಯೂರುದುರ್ಗ, ಹುತ್ರಿದುರ್ಗ. ಕೊರಟಗೆರೆ ಕಡೆ ಸಿದ್ಧರಬೆಟ್ಟ. ಮಾಗಿಯ ಬೆಳಗಿನಲ್ಲಿ ಹತ್ತಿ ನಿಂತರೆ ಕೆಳಗಿನ ಊರು, ಕೆರೆ, ತೋಟ ಎಲ್ಲಾ ಮುಚ್ಚಿಹೋಗಿ ತೆಂಗಿನ ತಲೆಗಳು ಮಾತ್ರ ಕಾಣ್ತವೆ. ದಯವಿಟ್ಟು ನೀರಿನ ಬಾಟಲಿ, ಚಿಪ್ಸ್ ಕವರನ್ನು ವಾಪಸು ತನ್ನಿ, ಈ ಬೆಟ್ಟಗಳೂ ಸಾಕಷ್ಟು ಅನುಭವಿಸಿವೆ.

ಇನ್ನೂ ಹತ್ತಿರ ಬೇಕು ಅಂದರೆ ಗುಬ್ಬಿಯ ಯಾವುದಾದರೂ ಹೊಲದ ಬದುವಿಗೆ ಬನ್ನಿ. ಇಬ್ಬನಿ ಚೆನ್ನಾಗಿ ಬಿದ್ದರೇನೇ ಅವರೆಗೆ ಸೊಗಡು ಅಂತಾರೆ ನಮ್ಮ ಕಡೆ. ನಮ್ಮ ಅಜ್ಜಿ ಕಾಯಿ ಸುಲಿಯುವಾಗ ಮೂಸಿ ನೋಡಿಯೇ "ಈ ವರ್ಷ ಇಬ್ಬನಿ ಸಾಲದು" ಅಂತಿದ್ರು. ಹಿಮ ಅಂದರೇನು ಅಂತ ಅವರು ಕಂಡವರಲ್ಲ. ಆದರೆ ಇಬ್ಬನಿ, ಮಂಜು, ಆಲಿಕಲ್ಲು ಮೂರನ್ನೂ ಬೇರೆ ಬೇರೆ ಹೆಸರಿನಿಂದ, ಬೇರೆ ಬೇರೆ ದನಿಯಿಂದ ಕರೀತಿದ್ರು. ಮೊದಲನೆಯದಕ್ಕೆ ಆಸೆ, ಎರಡನೆಯದಕ್ಕೆ ಉದಾಸೀನ, ಮೂರನೆಯದಕ್ಕೆ ಭಯ. ಇಂಟರ್ನೆಟ್ಟು, ಇಂಜಿನಿಯರಿಂಗ್ ಡಿಗ್ರಿ ಎರಡೂ ಇರುವ ನಮಗೆ ಮೂರಕ್ಕೂ ಒಂದೇ 'ವಾವ್'.

ಬ್ಲಾಗಿಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಅಂಥ ಬಿಳೀ ಫೋಟೋ ಬಂದರೆ ಫಾರ್ವರ್ಡ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಬಿದ್ದದ್ದೋ ಕೂತದ್ದೋ? ಇದರ ಕೆಳಗೆ ಯಾರ ಬೆಳೆ ಇದೆ? ಉತ್ತರ ಸಿಕ್ಕ ಮೇಲೆ ಹೆಡ್ಡಿಂಗ್ ಕೊಡಿ. ಏನಂತೀರಿ?